ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಪಾಠಪರಂಪರೆ

ಭೌತವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಕ್ವಾಂಟಂ ಕ್ಷೇತ್ರ ಸಿದ್ಧಾಂತವನ್ನು ಅಭ್ಯಾಸಮಾಡಬೇಕೆಂದು ಪುಸ್ತಕಭಂಡಾರಕ್ಕೆ ಹೋಗಿ, ಆ ವಿಷಯದ ನಾಲ್ಕು ಗ್ರಂಥಗಳನ್ನು ಎದುರಿಗಿಟ್ಟುಕೊಂಡು ಕುಳಿತನೆಂದು ಭಾವಿಸೋಣ. ಬ್ಯೋರ್ಕೆನ್ ಮತ್ತು ಡ್ರೆಲ್ ಅವರ 1964ರ ಗ್ರಂಥವು ಒಂಟಿ ಎಲೆಕ್ಟ್ರಾನನ್ನು ಕುರಿತ ಡಿರಾಕ್ ಸಮೀಕರಣದಿಂದ ಹೊರಡುತ್ತದೆ; ಕ್ಷೇತ್ರದ ಕ್ರಮಬದ್ಧವಾದ ವಿಚಾರ ಅಲ್ಲಿ ಮರುವರ್ಷ ಹೊರಬಂದ ಎರಡನೆಯ ಸಂಪುಟಕ್ಕೆ ಸೇರಿದ್ದು. ಪೆಸ್ಕಿನ್ ಮತ್ತು ಶ್ರೋಡರ್ ಅವರ 1995ರ ಗ್ರಂಥದಲ್ಲಿ ಚಿಕ್ಕದೊಂದು ಉದಾಹರಣೆಯ ತರುವಾಯ ನೇರವಾಗಿ ಕ್ಷೇತ್ರವೇ ಬರುತ್ತದೆ. ಅದೇ ವರ್ಷ ಪ್ರಕಟವಾದ ವೈನ್‌ಬರ್ಗ್ ಅವರ ಮೊದಲನೆಯ ಸಂಪುಟದಲ್ಲಿ ಕಣಗಳೇ ಮೊದಲು. ಸಾಪೇಕ್ಷತೆಯೂ ಕ್ವಾಂಟಂ ನಿಯಮಗಳೂ ಕೂಡಿದಾಗ ಕ್ಷೇತ್ರವನ್ನು ಒಪ್ಪದೆ ಗತ್ಯಂತರವಿಲ್ಲವೆಂದು ಅಲ್ಲಿ ಸಾಧಿಸಲಾಗಿದೆ. 2003ರಲ್ಲಿ ಬಂದ ಜೀ ಅವರ ಪುಸ್ತಕವಾದರೋ ಸಾಧ್ಯವಿರುವ ಎಲ್ಲ ಪಥಗಳನ್ನೂ ಒಟ್ಟುಗೂಡಿಸುವ ಅನುಕಲನದಿಂದ ಆರಂಭವಾಗುತ್ತದೆ. ಒಂದೇ ಊರಿಗೆ ನಾಲ್ಕು ಹೆಬ್ಬಾಗಿಲುಗಳು. ಒಂದರೊಳಗಿಂದ ಹೊಕ್ಕವನಿಗೆ ಇನ್ನೊಂದರಿಂದ ಬಂದವನ ಮಾತು ಬಹುಕಾಲ ಅರ್ಥವಾಗುವುದಿಲ್ಲ. ಇದು ತನ್ನ ಬುದ್ಧಿಯ ಕೊರತೆಯೇ ಎಂದು ಶಂಕಿಸಿ ಆ ವಿದ್ಯಾರ್ಥಿಯು ಪುಸ್ತಕಗಳನ್ನು ಹಿಂದಕ್ಕೆ ಕೊಟ್ಟುಬಿಡುವ ಸಂಭವವೂ ಉಂಟು.

ಇತಿಹಾಸದ ಅಧ್ಯಾಪಕರಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಸಿದ್ಧಾಂತದ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನಮ್ಮ ಅಧಿಕಾರಕ್ಕೆ ಸೇರಿದ್ದಲ್ಲ. ಆದರೆ ಒಂದು ವಿದ್ಯೆ ಒಬ್ಬರಿಂದ ಒಬ್ಬರಿಗೆ ಹೇಗೆ ಸಾಗಿತು, ಸಾಗುವಾಗ ಏನನ್ನು ಕಳೆದುಕೊಂಡು ಏನನ್ನು ಕೂಡಿಸಿಕೊಂಡಿತು ಎಂಬುದು ಇತಿಹಾಸದ ಪ್ರಶ್ನೆಯೇ ಸರಿ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪಾಠಾಂತರಗಳು ಹೇಗೋ ಹಾಗೆ ಈ ನಾಲ್ಕು ಆರಂಭಗಳು ನಮಗೆ ಕಾಣುತ್ತವೆ: ಒಂದೊಂದೂ ಒಂದೊಂದು ಕಾಲದ ಗುರುತು. ಈ ವಿದ್ಯೆಯ ಮಟ್ಟಿಗೆ ಅಚ್ಚಾದ ಪುಟ ಎಂದೂ ಸಾಲದೆ ಹೋಯಿತೆಂದೂ, ಇಂದಿನ ಪಾಠಕ್ರಮದ ಕಾಠಿನ್ಯದಲ್ಲಿ ದೊಡ್ಡ ಪಾಲು ಅದರೊಳಗೆ ಒಂದರ ಮೇಲೊಂದು ಕುಳಿತಿರುವ ಕಾಲಸ್ತರಗಳಿಂದ ಬಂದದ್ದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ವಿಷಯದ ಸ್ಥೂಲ ಪರಿಚಯವನ್ನು ಮಾಡಿಕೊಳ್ಳಬೇಕು. 1925-26ರ ಕ್ವಾಂಟಂ ಬಲವಿಜ್ಞಾನದಲ್ಲಿ ಕಣಗಳ ಸಂಖ್ಯೆ ನಿಯತವಾದದ್ದು. ಒಂದು ಎಲೆಕ್ಟ್ರಾನಿನಿಂದ ಲೆಕ್ಕವನ್ನು ಆರಂಭಿಸಿದರೆ ಮುಗಿಯುವಾಗಲೂ ಒಂದೇ ಎಲೆಕ್ಟ್ರಾನು. ಆದರೆ ದೀಪವನ್ನು ಹಚ್ಚಿದಾಗ ಬೆಳಕಿನ ಕಣಗಳು, ಎಂದರೆ ಫೋಟಾನುಗಳು, ಇಲ್ಲದಿದ್ದ ಕಡೆ ಹುಟ್ಟುತ್ತವೆ. ವಸ್ತುವಿನ ಮೇಲೆ ಬಿದ್ದಾಗ ಇಲ್ಲವಾಗುತ್ತವೆ. ದ್ರವ್ಯರಾಶಿಯೂ ಶಕ್ತಿಯ ಒಂದು ರೂಪವೆಂದು ಸಾಪೇಕ್ಷತಾ ಸಿದ್ಧಾಂತ ಹೇಳುವುದರಿಂದ, ಸಾಕಷ್ಟು ಶಕ್ತಿಯಿದ್ದಲ್ಲಿ ಎಲೆಕ್ಟ್ರಾನು ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನು ಜೊತೆಯಾಗಿ ಹುಟ್ಟಬಲ್ಲುವು. ಹುಟ್ಟುಸಾವುಗಳಿಗೆ ಎಡೆಯಿರುವ ಲೆಕ್ಕಕ್ಕೆ ಕಣವನ್ನೇ ಮೂಲವಸ್ತುವೆಂದು ಹಿಡಿದರೆ ತೊಡಕಾಗುತ್ತದೆ. ಆದಕಾರಣ ದೇಶವನ್ನೆಲ್ಲ ವ್ಯಾಪಿಸಿರುವ ಕ್ಷೇತ್ರವನ್ನು ಮೂಲವೆಂದಿಟ್ಟುಕೊಂಡು, ಅದರ ಸ್ಪಂದನದ ಒಂದೊಂದು ಮೆಟ್ಟಿಲನ್ನು ಒಂದೊಂದು ಕಣವೆಂದು ಎಣಿಸುವ ಕ್ರಮ ಬಂತು. 1927ರಲ್ಲಿ ಡಿರಾಕ್ ಅವರು ವಿಕಿರಣಕ್ಕೆ ಇದನ್ನು ಅನ್ವಯಿಸಿದರು. 1929ರಲ್ಲಿ ಹೈಸೆನ್‌ಬರ್ಗ್ ಮತ್ತು ಪೌಲಿ ಸಾಮಾನ್ಯ ಕ್ಷೇತ್ರಗಳಿಗೆ ವಿಸ್ತರಿಸಿದರು. 1932ರಲ್ಲಿ ಫರ್ಮಿ ಅವರು ಪ್ರಕಟಿಸಿದ ಸುಲಭ ನಿರೂಪಣೆಯಿಂದ ಅಂದಿನ ತರುಣರು ಅದನ್ನು ಕಲಿತರು. 1936ರಲ್ಲಿ ಬಂದ ಹೈಟ್ಲರ್ ಅವರ ವಿಕಿರಣ ಸಿದ್ಧಾಂತದ ಗ್ರಂಥವು ಹಲವು ವರ್ಷ ಪಾಠಪುಸ್ತಕವಾಗಿ ನಿಂತಿತು.

ಈ ಮೊದಲ ಸ್ತರದಲ್ಲಿಯೇ ಒಂದು ರೋಗ ಕಾಣಿಸಿಕೊಂಡಿತು. ಲೆಕ್ಕವನ್ನು ಮೊದಲನೆಯ ಅಂದಾಜಿಗೆ ನಿಲ್ಲಿಸಿದರೆ ಉತ್ತರ ಪ್ರಯೋಗಕ್ಕೆ ಒಪ್ಪುತ್ತಿತ್ತು; ಇನ್ನಷ್ಟು ಸೂಕ್ಷ್ಮವಾಗಲೆಂದು ಎರಡನೆಯ ಅಂದಾಜಿಗೆ ಹೋದರೆ ಉತ್ತರ ಅನಂತವಾಗುತ್ತಿತ್ತು. ಎಲೆಕ್ಟ್ರಾನು ತನ್ನ ಸುತ್ತಲಿನ ಸ್ವಂತ ಕ್ಷೇತ್ರದೊಡನೆ ವ್ಯವಹರಿಸುವುದರಿಂದ ಅದಕ್ಕೆ ಕೂಡಿಬರುವ ಶಕ್ತಿಯನ್ನು ಎಣಿಸಿದಲ್ಲೆಲ್ಲ ಈ ಅನಂತ ಎದುರಾಯಿತು. ಪರಮಾಣುವಿನ ರೇಖೆಗಳೆಲ್ಲ ಅನಂತವಾಗಿ ಸ್ಥಾನಪಲ್ಲಟವಾಗಬೇಕೆಂದು 1930ರಲ್ಲಿ ಓಪನ್‌ಹೈಮರ್ ಅವರ ಲೆಕ್ಕ ಹೇಳಿತು. ಹೆಚ್ಚು ಶ್ರಮಪಟ್ಟಷ್ಟೂ ಹೆಚ್ಚು ಕೆಡುವ ಲೆಕ್ಕ! ಅಂದಿನ ಹಿರಿಯರಲ್ಲಿ ಅನೇಕರು ಸಿದ್ಧಾಂತವನ್ನೇ ಬುಡಮಟ್ಟ ಬದಲಿಸಬೇಕೆಂದು ನಂಬಿ ಹತ್ತು ಹದಿನೈದು ವರ್ಷ ಕಾದರು.

ಕಾದದ್ದು ಬರಲಿಲ್ಲ, ಬಂದದ್ದು ಒಂದು ಅಳತೆ. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಎಂಬವರು ಜಲಜನಕ ಪರಮಾಣುವಿನ ಎರಡು ಮಟ್ಟಗಳು, ಡಿರಾಕ್ ಸಮೀಕರಣದಂತೆ ಒಂದೇ ಆಗಿರಬೇಕಾದವು, ಸೆಕೆಂಡಿಗೆ ಸುಮಾರು 1000 ಮೆಗಾಸೈಕಲ್‌ಗಳಷ್ಟು ಅಗಲಿವೆಯೆಂದು ತೋರಿಸಿದರು. ಆ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ಬಳಿಯ ಶೆಲ್ಟರ್ ದ್ವೀಪದಲ್ಲಿ ಸೇರಿದ ಸಣ್ಣ ಗೋಷ್ಠಿಯಲ್ಲಿ ಇದರ ಚರ್ಚೆ ನಡೆಯಿತು. ಮರಳುವ ರೈಲಿನಲ್ಲಿ ಬೇಟೆ ಅವರು ಸಾಪೇಕ್ಷತೆಯನ್ನು ಬದಿಗಿಟ್ಟು ಲೆಕ್ಕಹಾಕಿ 1040 ಎಂಬ ಬೆಲೆಯನ್ನು ಪಡೆದರು. ಸಮೀಕರಣದಲ್ಲಿ ಬರೆಯುವ ದ್ರವ್ಯರಾಶಿ ಬೇರೆ, ಪ್ರಯೋಗಶಾಲೆಯಲ್ಲಿ ಅಳೆಯುವ ದ್ರವ್ಯರಾಶಿ ಬೇರೆ; ಅಳೆದದ್ದರ ಮೂಲಕವೇ ಉತ್ತರವನ್ನು ವ್ಯಕ್ತಪಡಿಸಿದರೆ ಅನಂತವು ಆ ಹೆಸರಿನೊಳಗೆ ಅಡಗಿಹೋಗಿ ಸಾಂತವಾದ ಶೇಷ ಉಳಿಯುತ್ತದೆ ಎಂಬುದು ಅವರ ಯುಕ್ತಿ. ಇದಕ್ಕೆ ‘ರೀನಾರ್ಮಲೈಸೇಷನ್’ ಎಂಬ ಹೆಸರು ನಿಂತಿತು. ವರ್ಷ ಮುಗಿಯುವುದರೊಳಗೆ ಶ್ವಿಂಗರ್ ಅವರು ಎಲೆಕ್ಟ್ರಾನಿನ ಕಾಂತೀಯ ಗುಣದಲ್ಲಿ ಡಿರಾಕ್ ಬೆಲೆಗಿಂತ ಸುಮಾರು 0.00116ರಷ್ಟು ಆಧಿಕ್ಯವಿರಬೇಕೆಂದು ಸಾಧಿಸಿದರು. ಆ ಬೆಲೆಯ ಬೀಜರೂಪವು ಸೂಕ್ಷ್ಮರಚನಾ ಸ್ಥಿರಾಂಕವನ್ನು, ಎಂದರೆ ಆಲ್ಫಾವನ್ನು, ಎರಡು ಪೈಗಳಿಂದ ಭಾಗಿಸಿದ್ದು. ಶ್ವಿಂಗರ್ ಅವರ ಸಮಾಧಿಶಿಲೆಯ ಮೇಲೆ ಅದನ್ನು ಕೆತ್ತಿದ್ದಾರೆ. ಶಾಸನಗಳಲ್ಲಿ ದಾನದತ್ತಿಗಳನ್ನೂ ವೀರಮರಣಗಳನ್ನೂ ಓದಿ ಅಭ್ಯಾಸವಾದ ನಮಗೆ ಒಂದು ಭಿನ್ನರಾಶಿಯ ಶಾಸನ ಅಪೂರ್ವವೆನಿಸುತ್ತದೆ.

ಇಲ್ಲಿಂದ ಮುಂದಿನ ಎರಡು ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1948ರ ವಸಂತದಲ್ಲಿ ಪೋಕೊನೋ ಎಂಬಲ್ಲಿ ನಡೆದ ಗೋಷ್ಠಿಯಲ್ಲಿ ಶ್ವಿಂಗರ್ ಅವರು ಹೆಚ್ಚುಕಡಮೆ ಇಡೀ ದಿನ ತಮ್ಮ ಪದ್ಧತಿಯನ್ನು ವಿವರಿಸಿದರು. ಆಮೇಲೆ ಫೈನ್ಮನ್ ಅವರು ತಮ್ಮ ಚಿತ್ರಗಳನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಸಭೆಯಲ್ಲಿದ್ದ ಪ್ರಪಂಚದ ಮೇಲ್ತರದ ಭೌತವಿಜ್ಞಾನಿಗಳಿಗೆ ಅವು ಅರ್ಥವಾಗಲಿಲ್ಲ. ಅದೇ ಸಮಯದಲ್ಲಿ ಜಪಾನಿನಿಂದ ಟೊಮೊನಾಗ ಅವರ ಪತ್ರ ಓಪನ್‌ಹೈಮರ್ ಅವರಿಗೆ ತಲಪಿತು. ಯುದ್ಧಕಾಲದ ಟೋಕಿಯೋವಿನಲ್ಲಿ, 1943ರಲ್ಲಿಯೇ, ಅವರು ಶ್ವಿಂಗರ್ ಮಾರ್ಗಕ್ಕೆ ಸಮಾನವಾದ ತಳಹದಿಯನ್ನು ಜಪಾನೀ ಭಾಷೆಯಲ್ಲಿ ಪ್ರಕಟಿಸಿದ್ದರು. ಲ್ಯಾಂಬ್ ಅವರ ಪ್ರಯೋಗದ ಸುದ್ದಿ ಅವರ ಬಳಗಕ್ಕೆ ಮುಟ್ಟಿದ್ದು ಅಮೆರಿಕದ ಒಂದು ಜನಪ್ರಿಯ ವಾರಪತ್ರಿಕೆಯ ಮೂಲಕ. ಮೂವರ ಮಾರ್ಗವೂ ಬೇರೆ, ಉತ್ತರ ಒಂದೇ. ಒಬ್ಬರ ಭಾಷೆಯನ್ನು ಇನ್ನೊಬ್ಬರ ಭಾಷೆಗೆ ತಿರುಗಿಸಬಲ್ಲ ದುಭಾಷಿ ಬೇಕಾಗಿತ್ತು.

ಆ ದುಭಾಷಿ ಫ್ರೀಮನ್ ಡೈಸನ್. ಅವರು ಅದಕ್ಕೆ ಸಿದ್ಧರಾದ ಬಗೆಯನ್ನು ಗಮನಿಸಿದರೆ ನಮ್ಮ ವಾದ ಸ್ಪಷ್ಟವಾಗುತ್ತದೆ. ಇಪ್ಪತ್ತಮೂರು ವರ್ಷದ ಗಣಿತಜ್ಞನಾಗಿ 1947ರಲ್ಲಿ ಇಂಗ್ಲೆಂಡಿನಿಂದ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಬರುವ ಮೊದಲೇ, ಕೇಂಬ್ರಿಜ್ಜಿನಲ್ಲಿ ಕೆಮ್ಮರ್ ಎಂಬವರಿಂದ ಅವರು ಹಳೆಯ ಕ್ಷೇತ್ರ ಸಿದ್ಧಾಂತವನ್ನು ಹೇಳಿಸಿಕೊಂಡಿದ್ದರು. ಯುದ್ಧದ ನಡುವೆ 1943ರಲ್ಲಿ ವಿಯೆನ್ನಾದಲ್ಲಿ ಅಚ್ಚಾಗಿ, ಇಂಗ್ಲೆಂಡಿನಲ್ಲಿ ಬಲು ಅಪರೂಪವಾಗಿದ್ದ ವೆಂಟ್ಸೆಲ್ ಅವರ ಜರ್ಮನ್ ಪುಸ್ತಕವನ್ನು ಓದಿದ್ದರು. ಕಾರ್ನೆಲ್‌ನಲ್ಲಿ ಬೇಟೆ ಮತ್ತು ಫೈನ್ಮನ್ ದೊರೆತರು. 1948ರ ಬೇಸಗೆಯಲ್ಲಿ ಫೈನ್ಮನ್ ಅವರ ಕಾರಿನಲ್ಲಿ ದೇಶದ ಅರ್ಧಭಾಗವನ್ನು ದಾಟುತ್ತ ದಿನಗಟ್ಟಲೆ ಸಂಭಾಷಣೆ. ಬಳಿಕ ಆನ್ ಆರ್ಬರ್ ಬೇಸಗೆ ಶಾಲೆಯಲ್ಲಿ ಶ್ವಿಂಗರ್ ಅವರ ಉಪನ್ಯಾಸಗಳ ಶ್ರವಣ, ಅವರೊಡನೆ ಏಕಾಂತದಲ್ಲಿ ಚರ್ಚೆ. ಸೆಪ್ಟೆಂಬರಿನಲ್ಲಿ ಬಸ್ಸಿನಲ್ಲಿ ಮರಳುವಾಗ ಎರಡು ಪದ್ಧತಿಗಳೂ ಒಂದಕ್ಕೊಂದು ಹೊಂದುವ ರೀತಿ ಅವರಿಗೆ ಹೊಳೆಯಿತು. 1949ರಲ್ಲಿ ಅವರ ಎರಡು ಲೇಖನಗಳು ಪ್ರಕಟವಾದುವು. ಫೈನ್ಮನ್ ಚಿತ್ರದ ಒಂದೊಂದು ಗೆರೆಗೆ, ಒಂದೊಂದು ಸಂಧಿಗೆ ಯಾವ ಬೀಜಪದವನ್ನು ಬರೆಯಬೇಕೆಂಬ ನಿಯಮವನ್ನು ಜಗತ್ತು ಬಹುಮಟ್ಟಿಗೆ ಕಲಿತದ್ದು ಡೈಸನ್ ಅವರಿಂದ. ಇಬ್ಬರ ಪಕ್ಕದಲ್ಲಿಯೂ ಕುಳಿತು ಕೇಳದಿದ್ದವರಿಗೆ ಅಷ್ಟು ಬೇಗ ಆ ಕೆಲಸ ಸಾಧ್ಯವಾಗುತ್ತಿತ್ತೆಂದು ನಾವು ನಂಬಲಾರೆವು.

ಇಲ್ಲಿ ಬೆಂಗಳೂರಿಗೆ ಸಂಬಂಧಿಸಿದ ಒಂದು ಮಾತುಂಟು. 1939ರಲ್ಲಿ ಯುದ್ಧದ ದೆಸೆಯಿಂದ ಸ್ವದೇಶದಲ್ಲಿಯೇ ಉಳಿಯಬೇಕಾಗಿ ಬಂದ ಹೋಮಿ ಭಾಭಾ ಅವರು ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. 1943ರಲ್ಲಿ ಅಲ್ಲಿಗೆ ಬಂದ ಹರೀಶ್ ಚಂದ್ರ ಅವರು ಭಾಭಾ ಅವರೊಡನೆ ಕಣಗಳ ಕ್ಷೇತ್ರ ಸಮೀಕರಣಗಳ ಮೇಲೆ ಕೆಲಸಮಾಡಿ, 1945ರಲ್ಲಿ ಡಿರಾಕ್ ಅವರ ಶಿಷ್ಯರಾಗಿ ಕೇಂಬ್ರಿಜ್ಜಿಗೆ ಹೋದರು. ಅಲ್ಲಿ ಡೈಸನ್ ಅವರೊಡನೆ ಮಾತನಾಡುತ್ತ, ಭೌತವಿಜ್ಞಾನದ ವ್ಯವಸ್ಥೆಯಿಲ್ಲದ, ಕಟ್ಟುನಿಟ್ಟಿಲ್ಲದ ಸ್ವಭಾವದಿಂದ ಬೇಸತ್ತು ತಾವು ಗಣಿತಕ್ಕೆ ಹೋಗುವುದಾಗಿ ಹೇಳಿದರಂತೆ. ಅದೇ ಕಾರಣಗಳಿಗಾಗಿಯೇ ತಾವು ಗಣಿತವನ್ನು ಬಿಟ್ಟು ಭೌತವಿಜ್ಞಾನಕ್ಕೆ ಬರುತ್ತಿರುವುದಾಗಿ ಡೈಸನ್ ಉತ್ತರವಿತ್ತರಂತೆ. ಇಬ್ಬರೂ ನುಡಿದಂತೆ ನಡೆದರು. ಹರೀಶ್ ಚಂದ್ರರು ಕಳೆದ ಶತಮಾನದ ಅಗ್ರಗಣ್ಯ ಗಣಿತಜ್ಞರಲ್ಲಿ ಒಬ್ಬರಾದರು. ಕ್ಷೇತ್ರ ಸಿದ್ಧಾಂತದ ಪಾಠವನ್ನು ಕೇಳುವ ವಿದ್ಯಾರ್ಥಿಗಳಲ್ಲಿ ಇಂದಿಗೂ ಈ ಎರಡು ಮನೋಧರ್ಮಗಳು ಎದ್ದುಕಾಣುತ್ತವೆ. ಅಧ್ಯಾಪಕರು ಎರಡಕ್ಕೂ ಒಂದೇ ಅಳತೆಗೋಲನ್ನು ಹಿಡಿಯುವುದು ನ್ಯಾಯವಲ್ಲ.

1951ರ ಶರತ್ಕಾಲದಲ್ಲಿ ಡೈಸನ್ ಅವರು ಕಾರ್ನೆಲ್‌ನಲ್ಲಿ ಪಾಠ ಹೇಳಿದರು. ಪಿಎಚ್.ಡಿ. ಪದವಿಯನ್ನು ಪಡೆಯದೆಯೇ ಅವರು ಪ್ರಾಧ್ಯಾಪಕರಾಗಿದ್ದರೆಂಬುದು ಪ್ರಾಸಂಗಿಕವಾಗಿ ನೆನೆಯತಕ್ಕ ಸಂಗತಿ. ಆ ಪಾಠದ ಟಿಪ್ಪಣಿಗಳು ಸೈಕ್ಲೋಸ್ಟೈಲ್ ಪ್ರತಿಗಳಾಗಿ ದೇಶದಿಂದ ದೇಶಕ್ಕೆ ಹರಡಿ, ಅಚ್ಚಿನ ಪಾಠಪುಸ್ತಕಗಳು ಬರುವವರೆಗೆ ಆ ಸ್ಥಾನವನ್ನು ತುಂಬಿದುವು. ಅವು ಗ್ರಂಥರೂಪದಲ್ಲಿ ಅಚ್ಚಾದದ್ದು 2007ರಲ್ಲಿ. ಅದೇ 1951ರಲ್ಲಿ ಸೆಸಿಲ್ ಮೊರೆಟ್ ಎಂಬ ಫ್ರೆಂಚ್ ವಿದುಷಿ, ಪ್ರಿನ್ಸ್‌ಟನ್ನಿನಲ್ಲಿ ಕಂಡು ಬಂದದ್ದನ್ನು ತಮ್ಮ ದೇಶದವರಿಗೆ ಉಣಬಡಿಸಲು, ಆಲ್ಪ್ಸ್ ತಪ್ಪಲಿನ ಲೆಸೂಶ್ ಎಂಬಲ್ಲಿ ಬೇಸಗೆ ಶಾಲೆಯನ್ನು ಸ್ಥಾಪಿಸಿದರು. ಚಿತ್ರಪದ್ಧತಿ ಹರಡಿದ ಬಗೆಯನ್ನು ಡೇವಿಡ್ ಕೈಸರ್ ಅವರು 2005ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪರಿಶೋಧಿಸಿದ್ದಾರೆ: ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಡೈಸನ್ ಅವರ ಸುತ್ತ ಕಲಿತ ತರುಣರು ಎಲ್ಲೆಲ್ಲಿಗೆ ಕೆಲಸಕ್ಕೆ ಹೋದರೋ ಅಲ್ಲಲ್ಲಿ ಅದು ಬೇರೂರಿತು. ಶೀತಲಯುದ್ಧದಿಂದಾಗಿ ಇಂತಹ ಸಂಪರ್ಕ ಕಡಿದಿದ್ದ ಸೋವಿಯತ್ ದೇಶದಲ್ಲಿ ಬುದ್ಧಿವಂತರಿಗೆ ಕೊರತೆಯೇನೂ ಇರದಿದ್ದರೂ ಅದು ತಡವಾಗಿ ಬಳಕೆಗೆ ಬಂತು. ನಮ್ಮಲ್ಲಿ ಸಂಗೀತವನ್ನೂ ವ್ಯಾಕರಣವನ್ನೂ ಗುರುಮುಖದಿಂದ ಕಲಿಯಬೇಕೆನ್ನುವ ಮಾತು ಹಳೆಯ ಕಾಲದ ಅಭಿಮಾನವೆಂದು ಕೆಲವರು ಎಣಿಸುವುದುಂಟು. ಇಪ್ಪತ್ತನೆಯ ಶತಮಾನದ ಅತ್ಯಂತ ಗಣಿತಮಯವಾದ ವಿದ್ಯೆಯಲ್ಲಿಯೂ ಅದು ನಡೆದ ಸಂಗತಿ.

ಗುರುಮುಖದಿಂದ ಕಲಿತ ಮಾತ್ರಕ್ಕೆ ತಪ್ಪಿಗೆ ಎಡೆಯಿಲ್ಲವೆಂದಲ್ಲ. ಶ್ವಿಂಗರ್ ಅವರ ಬೆಲೆಗೆ ಮುಂದಿನ ತಿದ್ದುಪಡಿಯನ್ನು ಹೊಸ ಪದ್ಧತಿಯಿಂದ ಮೊದಲು ಲೆಕ್ಕಹಾಕಿದವರು ಕಾರ್ಪ್ಲಸ್ ಮತ್ತು ಕ್ರಾಲ್. ಇಬ್ಬರೂ ಪ್ರಿನ್ಸ್‌ಟನ್ನಿನಲ್ಲಿ ಡೈಸನ್ ಅವರ ಸಮೀಪದಲ್ಲಿದ್ದು ಕಲಿತವರು. ಎಣಿಸಬೇಕಾದ ಚಿತ್ರಗಳು ಏಳು. 1950ರಲ್ಲಿ ಅವರು ಪ್ರಕಟಿಸಿದ ಗುಣಕ -2.973. ಎರಡು ವರ್ಷಗಳ ತರುವಾಯ ಬಂದ ಪ್ರಯೋಗದ ಫಲವೂ ಅದಕ್ಕೆ ಹೊಂದಿಕೊಂಡಿತು. ಲೆಕ್ಕ ಸರಿ, ಅಳತೆ ಸರಿ, ಎಲ್ಲರಿಗೂ ತೃಪ್ತಿ. 1956ರಲ್ಲಿ ಹೊಸದಾಗಿ ಮಾಡಿದ ಅಳತೆ ಬೇರೆ ಬೆಲೆಯನ್ನು ಕೊಟ್ಟಿತು. ಮರುವರ್ಷ ಪೀಟರ್‌ಮನ್ ಮತ್ತು ಸಾಮರ್‌ಫೀಲ್ಡ್ ಪ್ರತ್ಯೇಕವಾಗಿ ಲೆಕ್ಕವನ್ನು ಮತ್ತೆ ಮಾಡಿದಾಗ ನಿಜವಾದ ಗುಣಕ -0.328 ಎಂದು ತಿಳಿದುಬಂತು. ಏಳು ವರ್ಷ ಒಂದು ಅಂಕಗಣಿತದ ದೋಷ ಸಿದ್ಧಾಂತವೆಂಬ ಗೌರವದಿಂದ ಪುಸ್ತಕಗಳಲ್ಲಿ ಕುಳಿತಿತ್ತು. ಒಂದು ತಾಮ್ರಪಟದ ಓದನ್ನು ಇನ್ನೊಂದು ಶಾಸನ ಸಮರ್ಥಿಸಿತೆಂದು ನೆಮ್ಮದಿಯಾಗಿರುವ ಇತಿಹಾಸಕಾರರು ಈ ಪ್ರಸಂಗವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಈಚಿನ ದಶಕಗಳಲ್ಲಿ ಈ ಲೆಕ್ಕವನ್ನು ಬಹು ದೂರ ಸಾಗಿಸಿದ ಕಿನೋಷಿಟ ಅವರು ಟೋಕಿಯೋವಿನಲ್ಲಿ ಕಲಿತು ಪ್ರಿನ್ಸ್‌ಟನ್ನಿಗೂ ಅನಂತರ ಕಾರ್ನೆಲ್‌ಗೂ ಬಂದವರು. 2012ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಐದನೆಯ ಮಟ್ಟದ ಗಣನೆಯಲ್ಲಿ 12,672 ಚಿತ್ರಗಳಿವೆ. ಅಷ್ಟನ್ನು ಕೈಯಿಂದ ಬರೆಯುವವರಿಲ್ಲ. ಗಣಕಯಂತ್ರವೇ ಬರೆದು ಎಣಿಸುತ್ತದೆ.

ಪಾಠಪುಸ್ತಕಗಳ ವಿಷಯಕ್ಕೆ ಬರೋಣ. 1955ರಲ್ಲಿ ಯೌಖ್ ಮತ್ತು ರೋರ್ಲಿಕ್, 1957ರಲ್ಲಿ ರಷ್ಯನ್ ಭಾಷೆಯಲ್ಲಿ ಬೊಗೊಲ್ಯುಬೊವ್ ಮತ್ತು ಶಿರ್ಕೊವ್, 1961ರಲ್ಲಿ ಶ್ವೇಬರ್, 1964-65ರಲ್ಲಿ ಬ್ಯೋರ್ಕೆನ್ ಮತ್ತು ಡ್ರೆಲ್: ಎರಡನೆಯ ಸ್ತರವು ಈ ಗ್ರಂಥಗಳಲ್ಲಿ ಸ್ಥಿರವಾಯಿತು. ಇವರಲ್ಲಿ ಶ್ವೇಬರ್ ಅವರು ಕಾಲಕ್ರಮದಲ್ಲಿ ವಿಜ್ಞಾನದ ಇತಿಹಾಸಕಾರರಾಗಿ, 1994ರಲ್ಲಿ ಈ ಸಿದ್ಧಾಂತವನ್ನು ಕಟ್ಟಿದವರ ಚರಿತ್ರೆಯನ್ನೇ ಬರೆದರೆಂಬುದು ನಮ್ಮ ವಿಭಾಗಕ್ಕೆ ಸಂತೋಷದ ವಿಷಯ. ಆದರೆ ಪುಸ್ತಕಗಳು ಸಿದ್ಧವಾಗುತ್ತಿದ್ದಾಗಲೇ ಸಿದ್ಧಾಂತದ ಮೇಲಿನ ನಂಬಿಕೆ ಕುಸಿಯುತ್ತಿತ್ತು. ವಿದ್ಯುತ್ಕಾಂತ ವ್ಯವಹಾರಗಳಿಗೆ ಅದು ಅದ್ಭುತವಾಗಿ ಒಪ್ಪಿದರೂ, ಪರಮಾಣುಬೀಜವನ್ನು ಕಟ್ಟಿಹಿಡಿಯುವ ಪ್ರಬಲ ವ್ಯವಹಾರದಲ್ಲಿ ಒಂದೊಂದು ತಿದ್ದುಪಡಿಯೂ ಹಿಂದಿನದಕ್ಕಿಂತ ದೊಡ್ಡದಾಗಿ, ಲೆಕ್ಕಕ್ಕೆ ಕೊನೆಯೇ ಇರಲಿಲ್ಲ. ಸೋವಿಯತ್ ದೇಶದಲ್ಲಿ ಲ್ಯಾಂಡೌ ಅವರು 1955ರಲ್ಲಿ ಸಿದ್ಧಾಂತದ ಆಂತರಿಕ ಸುಸಂಗತಿಯನ್ನೇ ಪ್ರಶ್ನಿಸಿದರು. ಬರ್ಕ್‌ಲಿಯ ಜೆಫ್ರಿ ಚ್ಯೂ ಅವರು 1961ರಲ್ಲಿ ಪ್ರಬಲ ವ್ಯವಹಾರಕ್ಕೆ ಕ್ಷೇತ್ರವೆಂಬ ಕಲ್ಪನೆ ನಿಷ್ಫಲವೆಂದು ಸಾರಿ, ಘರ್ಷಣೆಗೆ ಮೊದಲು ಬಂದದ್ದನ್ನೂ ಆಮೇಲೆ ಹೋದದ್ದನ್ನೂ ಮಾತ್ರ ಸಂಬಂಧಿಸುವ ಮತ್ತೊಂದು ಮಾರ್ಗವನ್ನು ಹಿಡಿದರು. ಅದೇ 1961ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಬೆಂಗಳೂರಿನಲ್ಲಿ ನಡೆಸಿದ ಬೇಸಗೆ ಶಾಲೆಯಲ್ಲಿ ಗೆಲ್‌ಮನ್ ಮತ್ತು ಡಾಲಿಟ್ಸ್ ಉಪನ್ಯಾಸಗಳನ್ನಿತ್ತರು. ಡಾಲಿಟ್ಸ್ ಅವರ ಉಪನ್ಯಾಸಗಳು ಮರುವರ್ಷ ಗ್ರಂಥವಾಗಿ ಹೊರಬಂದುವು. ಪ್ರಬಲ ವ್ಯವಹಾರದ ಮತ ಇನ್ನೂ ನಿಶ್ಚಯವಾಗದಿದ್ದ ಸಂಧಿಕಾಲದಲ್ಲಿ ನಮ್ಮ ದೇಶದ ತರುಣರು ಅದನ್ನು ನೇರವಾಗಿ ಕೇಳುವಂತಾಯಿತು.

ಸಿದ್ಧಾಂತ ಮರುಹುಟ್ಟು ಪಡೆದದ್ದು 1970ರ ಆಸುಪಾಸಿನಲ್ಲಿ. ಯಾಂಗ್ ಮತ್ತು ಮಿಲ್ಸ್ 1954ರಲ್ಲಿಯೇ ವಿದ್ಯುತ್ಕಾಂತ ಕ್ಷೇತ್ರವನ್ನು ಹೋಲುವ, ಆದರೆ ಅದಕ್ಕಿಂತ ಜಟಿಲವಾದ ಕ್ಷೇತ್ರಗಳನ್ನು ಸೂಚಿಸಿದ್ದರು. ಅವುಗಳಲ್ಲಿ ಚಿತ್ರನಿಯಮಗಳನ್ನು ಹಳೆಯ ದಾರಿಯಿಂದ ಬರೆದರೆ ಉತ್ತರ ಕೆಡುತ್ತಿತ್ತು. ಲೆನಿನ್‌ಗ್ರಾಡಿನ ಫದ್ದೀಯೆವ್ ಮತ್ತು ಪೊಪೊವ್ ಪಥ ಅನುಕಲನದ ಮೂಲಕ ಸರಿಯಾದ ನಿಯಮವನ್ನು 1967ರಲ್ಲಿ ಕಂಡುಕೊಂಡರು. ಇಂಗ್ಲಿಷಿನಲ್ಲಿ ಬಂದದ್ದು ತೀರ ಚಿಕ್ಕ ಲೇಖನ; ವಿವರಗಳೆಲ್ಲ ಕೀವ್ ನಗರದ ಒಂದು ರಷ್ಯನ್ ವರದಿಯಲ್ಲಿ ಉಳಿದುವು. ಅದರ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ ತಯಾರಾದದ್ದು 1972ರಲ್ಲಿ. ಇತ್ತ ನೆದರ್‌ಲೆಂಡ್ಸ್‌ನ ಯುಟ್ರೆಕ್ಟಿನಲ್ಲಿ ವೆಲ್ಟ್‌ಮನ್ ಅವರ ಶಿಷ್ಯರಾಗಿದ್ದ ಟ್‌ಹೂಫ್ಟ್ 1970ರಲ್ಲಿ ಕಾರ್ಸಿಕ ದ್ವೀಪದ ಕಾರ್ಜೆಸ್ ಬೇಸಗೆ ಶಾಲೆಯಲ್ಲಿ ಕೇಳಿದ ಪಾಠಗಳಿಂದ ಪ್ರೇರಿತರಾಗಿ, 1971ರಲ್ಲಿ ಇಂತಹ ಕ್ಷೇತ್ರಗಳಲ್ಲಿಯೂ ಅನಂತಗಳನ್ನು ನಿವಾರಿಸಬಹುದೆಂದು ತೋರಿಸಿದರು. 1973ರಲ್ಲಿ ಗ್ರಾಸ್, ವಿಲ್ಚೆಕ್ ಮತ್ತು ಪಾಲಿಟ್ಜರ್, ಹತ್ತಿರ ಹೋದಷ್ಟೂ ಪ್ರಬಲ ವ್ಯವಹಾರ ದುರ್ಬಲವಾಗುತ್ತದೆಂದು ಕಂಡುಹಿಡಿದರು. ಈ ಮೂವರಲ್ಲಿ ಇಬ್ಬರು ಆಗ ಇನ್ನೂ ಸಂಶೋಧನ ವಿದ್ಯಾರ್ಥಿಗಳು. ಬ್ಯೋರ್ಕೆನ್ ಮತ್ತು ಡ್ರೆಲ್ ಅವರ ಎರಡು ಸಂಪುಟಗಳಲ್ಲಿ ಪಥ ಅನುಕಲನ ಎಲ್ಲಿಯೂ ಪ್ರಧಾನವಲ್ಲ. 1973ರ ಬಳಿಕ ಅದು ಇಲ್ಲದೆ ಮುಂದೆ ಹೋಗುವಂತಿರಲಿಲ್ಲ. ಇಟ್ಸಿಕ್ಸನ್ ಮತ್ತು ಜ್ಯೂಬೆರ್ ಅವರ 1980ರ ಗ್ರಂಥ, ರಾಮೋಂ ಅವರ 1981ರದು, ರೈಡರ್ ಅವರ 1985ರದು ಈ ತೆರವನ್ನು ತುಂಬಲು ಬಂದುವು. ಇದು ಮೂರನೆಯ ಸ್ತರ.

ಹೀಗೆ ವಿಧಾನಗಳು ಬದಲಾದಂತೆ ಅನಂತದ ಅರ್ಥವೂ ಬದಲಾಯಿತು. ನಮ್ಮ ಅಭಿಪ್ರಾಯದಲ್ಲಿ ವಿದ್ಯಾರ್ಥಿಯನ್ನು ಅತಿಯಾಗಿ ಕಾಡುವುದು ಇದನ್ನು ಯಾರೂ ಅವನಿಗೆ ವರ್ಷದೊಡನೆ ಹೇಳದಿರುವುದು. ಡೈಸನ್ ಅವರ ಕಾಲದಲ್ಲಿ ರೀನಾರ್ಮಲೈಸೇಷನ್ ಎಂಬುದು ಫಲಿಸುವ ಉಪಾಯ, ಆದರೆ ನಾಚಿಕೆಯ ಉಪಾಯ. ಡಿರಾಕ್ ಅವರು ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. 1971ರಿಂದ ಪ್ರಕಟವಾದ ಕೆನೆತ್ ವಿಲ್ಸನ್ ಅವರ ಲೇಖನಗಳು ಅದನ್ನು ಬೇರೆ ಬೆಳಕಿನಲ್ಲಿಟ್ಟುವು. ಜಿಲ್ಲೆಯ ನಕ್ಷೆಯಲ್ಲಿ ಹೊಲಗಳ ಬದುಗಳು ಕಾಣಿಸುವುದಿಲ್ಲ. ಅದರಿಂದ ನಕ್ಷೆ ಸುಳ್ಳಾಗುವುದಿಲ್ಲ. ಗ್ರಾಮದ ನಕ್ಷೆಗೆ ಬಂದಾಗ ಬದುಗಳು ಮೂಡುತ್ತವೆ, ಜಿಲ್ಲೆಯ ಗಡಿ ಹೊರಗುಳಿಯುತ್ತದೆ. ಹಾಗೆಯೇ ಒಂದೊಂದು ಕ್ಷೇತ್ರ ಸಿದ್ಧಾಂತವೂ ಒಂದೊಂದು ಅಳತೆಯ ನಕ್ಷೆ. ಅದಕ್ಕಿಂತ ಸೂಕ್ಷ್ಮವಾದ ದೂರಗಳಲ್ಲಿ ಏನಿದೆಯೆಂದು ಅದಕ್ಕೆ ತಿಳಿಯದು. ತಿಳಿಯದಿರುವುದರ ಪರಿಣಾಮವೆಲ್ಲ ದ್ರವ್ಯರಾಶಿ, ವಿದ್ಯುದಂಶ ಮೊದಲಾದ ಕೆಲವು ಸಂಖ್ಯೆಗಳಲ್ಲಿ ಅಡಕವಾಗಿರುತ್ತದೆ. ನೋಡುವ ಅಳತೆ ಬದಲಾದಂತೆ ಆ ಸಂಖ್ಯೆಗಳೂ ಕ್ರಮವಾಗಿ ಬದಲಾಗುತ್ತವೆ. ಜಿಲ್ಲೆಯ ನಕ್ಷೆಯನ್ನು ಹಿಡಿದು ಬದುಗಳಿಗಿಂತ ಸೂಕ್ಷ್ಮವಾದದ್ದನ್ನೂ ಎಣಿಸಹೊರಟದ್ದರ ಫಲವೇ ಹಿಂದಿನವರು ಕಂಡ ಅನಂತ. ದ್ರವ ಅನಿಲವಾಗುವ, ಅಯಸ್ಕಾಂತ ತನ್ನ ಶಕ್ತಿಯನ್ನು ಕಳೆದುಕೊಳ್ಳುವ ಸಂಧಿಬಿಂದುಗಳನ್ನು ಇದೇ ವಿಚಾರದಿಂದ ವಿವರಿಸಿದ್ದಕ್ಕಾಗಿ ವಿಲ್ಸನ್ ಅವರಿಗೆ 1982ರಲ್ಲಿ ನೊಬೆಲ್ ಬಹುಮಾನ ಬಂತು. ಕ್ಷೇತ್ರ ಸಿದ್ಧಾಂತವು ಕಣವಿಜ್ಞಾನಿಗಳ ಸ್ವತ್ತಾಗಿ ಉಳಿಯದೆ ಘನವಸ್ತುಗಳ ಅಧ್ಯಯನಕ್ಕೂ ಸಾಮಾನ್ಯವಾದದ್ದು ಇದರಿಂದ.

ಇಂದಿನ ಪಾಠಕ್ರಮದಲ್ಲಿ ಈ ಸ್ತರಗಳೆಲ್ಲ ಬೆರೆತಿವೆ. ಮೊದಲ ತಿಂಗಳಲ್ಲಿ ವಿದ್ಯಾರ್ಥಿಯು 1929ರ ಕ್ಷೇತ್ರವನ್ನು ಕಲಿಯುತ್ತಾನೆ. ಅದು ಮುಗಿಯುತ್ತಲೆ 1949ರ ಚಿತ್ರಗಳನ್ನು ಬರೆಯುತ್ತಾನೆ. ಚಿತ್ರದಲ್ಲಿ ಕುಣಿಕೆ ಬಂದೊಡನೆ ಅನಂತ ಎದುರಾಗುತ್ತದೆ, ಅದನ್ನು 1972ರಲ್ಲಿ ಬಳಕೆಗೆ ಬಂದ ಉಪಕರಣದಿಂದ, ದೇಶಕಾಲದ ಆಯಾಮವನ್ನು ನಾಲ್ಕಕ್ಕಿಂತ ಸ್ವಲ್ಪ ಕಡಮೆ ಮಾಡಿ, ಪಳಗಿಸುತ್ತಾನೆ. ವಿಲ್ಸನ್ ಅವರ ವ್ಯಾಖ್ಯಾನ ಬರುವುದು ಬಹುಶಃ ಎರಡನೆಯ ಅರ್ಧವರ್ಷದ ಕೊನೆಯಲ್ಲಿ, ಅಷ್ಟರೊಳಗೆ ಪರೀಕ್ಷೆ ಬಂದಿರದಿದ್ದರೆ. ಈ ಕ್ರಮದಲ್ಲಿ ಲೆಕ್ಕ ಮೊದಲು, ಲೆಕ್ಕ ನಡೆಯುವುದೇಕೆಂಬ ತಿಳಿವಳಿಕೆ ಕಡೆಗೆ. ಕ್ರಮವನ್ನು ತಲೆಕೆಳಗು ಮಾಡಬೇಕೆಂದು ನಾವು ಹೇಳುವುದಿಲ್ಲ. ಲಕ್ಷ್ಯವನ್ನು ಕಾಣದವನಿಗೆ ಲಕ್ಷಣ ಹೇಳಿದರೆ ಪ್ರಯೋಜನವಿಲ್ಲವೆಂಬುದು ವ್ಯಾಕರಣವನ್ನು ಓದಿದವರಿಗೆಲ್ಲ ತಿಳಿದದ್ದೇ. ಒಂದು ಅನಂತವನ್ನಾದರೂ ಕೈಯಾರೆ ಕಂಡಿರದವನಿಗೆ ವಿಲ್ಸನ್ ಅವರ ಮಾತು ಬರಿಯ ಉಪಮಾನವಾಗಿ ಉಳಿಯುತ್ತದೆ. ಆದರೆ ಅನಂತದಿಂದ ಅನಂತವನ್ನು ಕಳೆಯುವ ದಿನ ತರಗತಿಯಲ್ಲಿ ಮೂಡುವ ಅಸಮಾಧಾನವು ಮೂರ್ಖತನವಲ್ಲವೆಂದು, ಅದು ಡಿರಾಕ್ ಅವರದೇ ಅಸಮಾಧಾನವೆಂದು, ಅದಕ್ಕೆ ಒಂದು ಸಮಾಧಾನ ಎರಡು ದಶಕಗಳಿಗೂ ಹೆಚ್ಚು ಕಾಲದ ಮೇಲೆ ದೊರೆಯಿತೆಂದು ಅಧ್ಯಾಪಕರು ಎರಡು ನಿಮಿಷ ಹೇಳಬಹುದು. ವೈನ್‌ಬರ್ಗ್ ಅವರು ತಮ್ಮ ಗ್ರಂಥದ ಮೊದಲ ಅಧ್ಯಾಯವನ್ನು ಇತಿಹಾಸಕ್ಕೇ ಮೀಸಲಿಟ್ಟಿದ್ದಾರೆ. ಪಾಠಪಟ್ಟಿಯಲ್ಲಿ ಆ ಗ್ರಂಥವನ್ನು ಹೆಸರಿಸುವವರು ಆ ಅಧ್ಯಾಯವನ್ನು ಮಾತ್ರ ಬಿಟ್ಟು ಮುಂದಕ್ಕೆ ಹೋಗುವುದು ವಿಷಾದಕರ.

ಗುರುಮುಖದ ಪ್ರಶ್ನೆ ಉಳಿಯುತ್ತದೆ. ಕ್ಷೇತ್ರ ಸಿದ್ಧಾಂತವನ್ನು ಬಲ್ಲ ಅಧ್ಯಾಪಕರು ಎಲ್ಲ ಸ್ನಾತಕೋತ್ತರ ಕೇಂದ್ರಗಳಲ್ಲಿಯೂ ಇರುವುದಿಲ್ಲ. ಈ ಕೊರತೆಯನ್ನು ತುಂಬಲು ನಮ್ಮ ದೇಶದಲ್ಲಿ 1985ರಿಂದ ಸಂಶೋಧನ ವಿದ್ಯಾರ್ಥಿಗಳಿಗಾಗಿ ಉನ್ನತಶಕ್ತಿ ಭೌತವಿಜ್ಞಾನದ ಶಾಲೆಗಳು ನಡೆದು ಬಂದಿವೆ; ಅಲ್ಲಿ ಉಪನ್ಯಾಸಗಳ ಜೊತೆಗೆ ಲೆಕ್ಕ ಬಿಡಿಸುವ ಗೋಷ್ಠಿಗಳಿಗೂ ಸ್ಥಾನವಿದೆ. ಹಾರ್ವರ್ಡಿನಲ್ಲಿ ಸಿಡ್ನಿ ಕೋಲ್ಮನ್ ಅವರು 1975-76ರಲ್ಲಿ ಹೇಳಿದ ಪಾಠವನ್ನು ಅಂದೇ ದೃಶ್ಯಮುದ್ರಣ ಮಾಡಿದ್ದರು. ಅವರ ಶಿಷ್ಯರು ಇಳಿಸಿಕೊಂಡ ಕೈಬರಹದ ಟಿಪ್ಪಣಿಗಳು ದಶಕಗಟ್ಟಲೆ ನಕಲಾಗುತ್ತ ಸಾಗಿ, 2018ರಲ್ಲಿ ಮಾತ್ರ ಅಚ್ಚಿನ ಗ್ರಂಥವಾದುವು, ಆಚಾರ್ಯರು ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ. ಆ ಮುದ್ರಿಕೆಗಳನ್ನು ಇಂದು ಯಾವ ತಾಲ್ಲೂಕಿನ ವಿದ್ಯಾರ್ಥಿಯೂ ಮನೆಯಲ್ಲಿ ಕುಳಿತು ನೋಡಬಹುದು. ನೋಡುವವರಿಗೆ ನಮ್ಮ ಸೂಚನೆ ಇಷ್ಟೆ: ಶ್ವಿಂಗರ್ ಅವರ 0.00116ನ್ನು ಮೊದಲಿನಿಂದ ಕೊನೆಯವರೆಗೆ ಸ್ವತಃ ಬರೆದು ಪಡೆಯಬೇಕು. ಚಿತ್ರ ಒಂದೇ ಒಂದು. ಪೆಸ್ಕಿನ್ ಮತ್ತು ಶ್ರೋಡರ್ ಅವರ ಆರನೆಯ ಅಧ್ಯಾಯದಲ್ಲಿ ಅದರ ದಾರಿಯಿದೆ. ಇಬ್ಬರು ಸೇರಿ ಅಭ್ಯಾಸಮಾಡುವುದಾದರೆ ಬೇರೆ ಬೇರೆ ಕುಳಿತು ಬರೆದು, ಉತ್ತರ ಸರಿಬಂದ ಮೇಲೆಯೂ ಹಾಳೆಗಳನ್ನು ಅದಲುಬದಲು ಮಾಡಿಕೊಂಡು ಸಾಲುಸಾಲಾಗಿ ತಾಳೆನೋಡುವುದು ಮೇಲು.